ಮಗುವಿಗೆ ಸಹನೆಯ ಉಪದೇಶ, ಹಿರಿಯರಿಗೆ ಅವಸರದ ವಿನಾಯಿತಿ

ಸಹನೆಯ ಕುರಿತಾದ ಪ್ರವಚನಗಳಿಗೆ ನಮ್ಮಲ್ಲಿ ಬರವಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಮಸೀದಿಗಳಲ್ಲಿ ಕುಳಿತು ಪ್ರವಾದಿ ಅಯ್ಯೂಬ್(ಅ)ರ ಕಾಯಿಲೆಯನ್ನೂ ಪ್ರವಾದಿ ಯಾಕೂಬ್(ಅ)ರ ಕಣ್ಣೀರನ್ನೂ ಎಷ್ಟೋ ಸಲ ಕೇಳಿದ್ದೇವೆ. ಕಣ್ಣೊರೆಸಿಕೊಂಡು ಮನೆಗೆ ಬಂದಿದ್ದೇವೆ. ಹೊಸ್ತಿಲು ದಾಟಿ ಚಾಪೆಯ ಮೇಲೆ ಊಟಕ್ಕೆ ಕೂರುವಷ್ಟರಲ್ಲಿ ಎರಡು ವರ್ಷದ ಮಗು ಬಿಸಿ ಪಾತ್ರೆಗೆ ಕೈ ಚಾಚಿ ಅಳುತ್ತದೆ. "ಏ, ಸಬರ್ ಕರ್!" ಎಂದು ಗದರುತ್ತೇವೆ. ಆ ಗದರಿಕೆಯಲ್ಲಿ ಒಂದು ಹನಿ ಸಬ್ರ್ ಇದೆಯೇ ಎಂದು ಮಾತ್ರ ನಾವು ಯಾರೂ ಕೇಳಿಕೊಳ್ಳುವುದಿಲ್ಲ.

ನಮ್ಮ ಆಕ್ಷೇಪ ಇರುವುದು ಇಲ್ಲಿಯೇ. ಮನೆಯೊಳಗೆ ಸಹನೆಯೆಂಬುದು ಮೊದಲು ಹಿರಿಯರು ತೀರಿಸಬೇಕಾದ ಬಾಕಿ. ನಾವು ಅದನ್ನು ತೀರಿಸದೆ ಇನ್ನೂ ಮಾತು ಪೂರ್ತಿ ಬಾರದ ಮಗುವಿನಿಂದ ವಸೂಲಿಗೆ ಹೊರಟಿದ್ದೇವೆ. ವಸೂಲಾಗದಿದ್ದಾಗ ಮಗುವನ್ನು 'ಹಟಮಾರಿ' ಎನ್ನುತ್ತೇವೆ, ಬಡಿಯುತ್ತೇವೆ, ಇಲ್ಲವೇ ಮೊಬೈಲ್ ಕೈಗಿತ್ತು ಬಾಯಿ ಮುಚ್ಚಿಸುತ್ತೇವೆ. ಈ ಮೂರನ್ನೂ 'ತರಬಿಯತ್' ಎಂಬ ಗೌರವದ ಹೆಸರಿನಿಂದ ಕರೆಯುವವರೂ ನಮ್ಮಲ್ಲಿದ್ದಾರೆ.

ಪವಿತ್ರ ಕುರ್‌ಆನಿನ 'ತ್ವಾಹಾ' ಅಧ್ಯಾಯದ 132ನೆಯ ಸೂಕ್ತವನ್ನು ಗಮನಿಸಬೇಕು. ಕುಟುಂಬದವರಿಗೆ ನಮಾಝನ್ನು ಆದೇಶಿಸಬೇಕೆಂದೂ ಅದರ ಮೇಲೆ ದೃಢವಾಗಿ ಸಹನೆ ವಹಿಸಬೇಕೆಂದೂ ಅಲ್ಲಿ ಪ್ರವಾದಿವರ್ಯರಿಗೆ(ಸ) ಹೇಳಲಾಗಿದೆ. ಮನೆಯವರು ಸಹನೆ ವಹಿಸಲಿ ಎಂದು ಆ ವಾಕ್ಯ ಹೇಳುವುದಿಲ್ಲ. ಸಹನೆಯ ಕ್ರಿಯಾಪದ ಏಕವಚನದಲ್ಲಿದೆ, ಆದೇಶಿಸುವವರ ಕಡೆಗೇ ತಿರುಗಿದೆ. ಅದೂ ಬರಿಯ 'ಇಸ್ಬಿರ್' ಅಲ್ಲ, ಅದಕ್ಕಿಂತ ತೀವ್ರವಾದ 'ಇಸ್ತಬಿರ್'. ಲುಕ್ಮಾನರು ಮಗನಿಗೆ ನಮಾಝನ್ನೂ ಸಹನೆಯನ್ನೂ ಬೋಧಿಸಿದ್ದು ನಿಜ. ಆದರೆ ಅದೇ ಅಧ್ಯಾಯದಲ್ಲಿ ಅವರು ಆ ಮಗನನ್ನು ಮೂರು ಬಾರಿ 'ನನ್ನ ಪುಟ್ಟ ಮಗನೇ' ಎಂದು ಕರೆಯುತ್ತಾರೆ. ನಮ್ಮ ಮನೆಗಳಲ್ಲಿ ಬೋಧನೆ ಉಳಿದಿದೆ, ಆ ಕರೆ ಉಳಿದಿಲ್ಲ.

ಮನುಷ್ಯನು ಆತುರದಿಂದಲೇ ಸೃಷ್ಟಿಸಲ್ಪಟ್ಟವನು ಎಂದು 'ಅಂಬಿಯಾ' ಅಧ್ಯಾಯ ಹೇಳುತ್ತದೆ. ಅಂದರೆ ಮಗುವಿನ ಆತುರ ಅದರ ಸೃಷ್ಟಿಗುಣ. ನಲವತ್ತರ ತಂದೆಯ ಆತುರವನ್ನು ಏನೆಂದು ಕರೆಯೋಣ?

ಎರಡು ವರ್ಷದ ಮಗುವಿಗೆ 'ಐದು ನಿಮಿಷ ತಡಿ' ಎಂದರೆ ಏನೂ ಅರ್ಥವಾಗುವುದಿಲ್ಲ. ನಿಮಿಷವೆಂಬುದು ಅದರ ಲೋಕದಲ್ಲೇ ಇಲ್ಲ. ಆದರೆ ಒಂದಾದ ಮೇಲೆ ಒಂದು ಎಂಬ ಕ್ರಮ ಅದಕ್ಕೆ ತಿಳಿಯುತ್ತದೆ, ಆ ಕ್ರಮ ಕಣ್ಣೆದುರು ನಡೆಯುತ್ತಿದ್ದರೆ. ನಮ್ಮ ಭಾಗದ ತಾಯಂದಿರ ಕೈಯಲ್ಲಿ ದಿನಕ್ಕೊಮ್ಮೆಯಾದರೂ ನಡೆಯುವ ಜೋಳದ ರೊಟ್ಟಿಯ ಕೆಲಸಕ್ಕಿಂತ ದೊಡ್ಡ ಪಾಠಶಾಲೆ ಇದಕ್ಕೆ ಬೇಕಿಲ್ಲ. ಹಿಟ್ಟಿಗೆ ಕುದಿನೀರು ಹಾಕಬೇಕು. ಕೈ ತಡೆಯುವಷ್ಟು ಆರುವವರೆಗೆ ಕಾಯಬೇಕು. ನಾದಬೇಕು, ಉಂಡೆ ಮಾಡಬೇಕು, ಬಡಿಯಬೇಕು. ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ಮಗುಚಬೇಕು. ಆಮೇಲಷ್ಟೇ ರೊಟ್ಟಿ ಉಬ್ಬುತ್ತದೆ. ಒಲೆಯಿಂದ ದೂರ, ಶಹಾಬಾದ್ ಕಲ್ಲಿನ ನೆಲದ ಮೇಲೆ ಮಗುವನ್ನು ಕೂರಿಸಿ, ನೆಲ್ಲಿಕಾಯಿಯಷ್ಟು ಹಿಟ್ಟನ್ನು ಅದರ ಕೈಗೆ ಕೊಟ್ಟು, "ಇದು ಅಬ್ಬಾದು, ಇದು ದಾದಿದು, ಮೂರನೆಯದು ನಿಂದು" ಎಂದು ಹೇಳಿದರೆ ಸಾಕು. ಮೂರನೆಯದು ನಿಜವಾಗಿಯೂ ಮಗುವಿಗೇ ಸಿಗಬೇಕು ಎಂಬುದೊಂದೇ ಷರತ್ತು. ನಡುವೆ ಯಾರೋ ಅತಿಥಿ ಬಂದರೆಂದು ಆ ಮೂರನೆಯದನ್ನು ಅವರ ತಟ್ಟೆಗೆ ಹಾಕಿದ ದಿನ ನಾವು ಮಗುವಿಗೆ ಕಲಿಸುವುದು ಬೇರೆಯದೇ ಪಾಠ: ಕಾದವನು ಕೆಟ್ಟ.

ಬೀಸುವ ಕಲ್ಲು ಮನೆಮನೆಯಲ್ಲಿದ್ದ ಕಾಲದಲ್ಲಿ ಈ ಪಾಠಕ್ಕೆ ದನಿಯೂ ಇತ್ತು. ದಖ್ಖನಿನ ಸೂಫಿಗಳು, ವಿಶೇಷವಾಗಿ ಬಿಜಾಪುರದವರು, ದಖ್ಖನಿ ಭಾಷೆಯಲ್ಲಿ 'ಚಕ್ಕಿನಾಮಾ', 'ಚರಖಾನಾಮಾ', 'ಲೋರಿನಾಮಾ'ಗಳೆಂಬ ಹಾಡುಗಳನ್ನು ಕಟ್ಟಿದರು. ಮೊದಲನೆಯದು ಬೀಸುವಾಗ ಹಾಡುವುದು, ಎರಡನೆಯದು ನೂಲುವಾಗ, ಮೂರನೆಯದು ಮಗುವನ್ನು ಮಲಗಿಸುವಾಗ. ಹೆಂಗಸರ ನಿತ್ಯದ ಕೆಲಸದ ಲಯಕ್ಕೆ ಅಲ್ಲಾಹನ ಸ್ಮರಣೆಯನ್ನು ಹೊಂದಿಸಿದ ಆ ಹಾಡುಗಳ ಬಗ್ಗೆ ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟವಾದ ತಮ್ಮ ಬಿಜಾಪುರದ ಸೂಫಿಗಳ ಅಧ್ಯಯನದಲ್ಲಿ ವಿವರವಾಗಿ ಬರೆದಿದ್ದಾರೆ. ಆ ಹಾಡುಗಳ ಎಲ್ಲ ವಿಚಾರಗಳನ್ನೂ ಇಂದಿನ ಎಲ್ಲರೂ ಒಪ್ಪಬೇಕೆಂದು ನಾವು ಹೇಳುತ್ತಿಲ್ಲ. ಧರ್ಮವು ಅಡುಗೆಮನೆಯ ಕೆಲಸದೊಳಗೇ ಮಗುವಿನ ಕಿವಿಗೆ ಬೀಳುತ್ತಿತ್ತು ಎಂಬುದನ್ನಷ್ಟೇ ನೆನಪಿಸುತ್ತಿದ್ದೇವೆ. ಬೀಸುವ ಕಲ್ಲು ಹೋದದ್ದಕ್ಕೆ ನಮಗೆ ವ್ಯಥೆಯಿಲ್ಲ. ಅದು ನಮ್ಮ ಅಜ್ಜಿಯರ ತೋಳು ಮುರಿದ ಕೆಲಸ. ಅದರ ಜೊತೆಗೆ ಹಾಡೂ ಹೋಯಿತಲ್ಲ, ಅದಕ್ಕೆ ವ್ಯಥೆ.

ನಳಕ್ಕೆ ನೀರು ಬರುವ ದಿನವನ್ನು ನೋಡಿ. ಕೊಡಗಳು ಸಾಲಾಗಿ ಕೂತಿರುತ್ತವೆ, ಮನೆಯವರೆಲ್ಲ ಓಡಾಡುತ್ತಿರುತ್ತಾರೆ, ಮಗು ತಾನೂ ಒಂದು ಲೋಟ ಹಿಡಿದು ಬರುತ್ತದೆ. "ದೂರ ಹೋಗು" ಎಂದು ತಳ್ಳುತ್ತೇವೆ. ಆ ಲೋಟವನ್ನೂ ಸಾಲಿನಲ್ಲಿ ಕೊನೆಗಿಟ್ಟು, ಅದರ ಸರದಿ ಬಂದಾಗ ತುಂಬಿಸಿಕೊಟ್ಟರೆ ನಮಗಾಗುವ ನಷ್ಟ ಎಷ್ಟು? ಸರದಿಯೆಂಬ ಕಲ್ಪನೆಯನ್ನು ಇದಕ್ಕಿಂತ ಚೆನ್ನಾಗಿ ಯಾವ ಅಂಗನವಾಡಿಯೂ ಹೇಳಿಕೊಡಲಾರದು. ವುಝೂ ಕೂಡ ಹಾಗೆಯೇ. ಮೊದಲು ಕೈ, ಆಮೇಲೆ ಬಾಯಿ, ಆಮೇಲೆ ಮೂಗು, ಮುಖ; ಕಾಲಿನ ಸರದಿ ಕೊನೆಗೆ. ಮಗುವಿಗೆ ಕಾಲನ್ನೇ ಮೊದಲು ತೊಳೆಯಬೇಕೆಂಬ ಆಸೆ. ಸುತ್ತ ನೀರು ಚೆಲ್ಲುತ್ತದೆ, ಬಟ್ಟೆ ಒದ್ದೆಯಾಗುತ್ತದೆ. ಆಗಲಿ.

ಈಗ ಎಲ್ಲಕ್ಕಿಂತ ಕಹಿಯಾದ ವಿಷಯಕ್ಕೆ ಬರೋಣ. ನಾವು ಮಕ್ಕಳಿಗೆ ಸುಳ್ಳು ಹೇಳುತ್ತೇವೆ. ದಿನಕ್ಕೆಷ್ಟು ಸಲವೆಂಬ ಲೆಕ್ಕವೂ ನಮಗಿಲ್ಲ. "ಬಾ ಬಾ, ಚಾಕೊಲೇಟ್ ಕೊಡ್ತೀನಿ", "ಅಳಬೇಡ, ಅಬ್ಬಾ ಈಗ ಬರ್ತಾರೆ", "ಸುಮ್ಮನಿರು, ಪೊಲೀಸ್ ಬಂದ", "ಜೋಳಿಗೆಯವನು ಹಿಡ್ಕೊಂಡು ಹೋಗ್ತಾನೆ." ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರಂನಲ್ಲಿ ಸಿಕಂದರಾಬಾದಿನ ಕಡೆಯ ಗಾಡಿಗೆ ಕಾಯುತ್ತ ಕೂತವರ ಬಳಿ ಸುಮ್ಮನೆ ಅರ್ಧ ಗಂಟೆ ನಿಂತು ಕೇಳಿಸಿಕೊಳ್ಳಿ, "ಗಾಡಿ ಬಂತು, ಗಾಡಿ ಬಂತು" ಎಂಬ ಮಾತು ಗಾಡಿ ಬರುವ ಮುನ್ನ ಎಷ್ಟು ಸಲ ಬರುತ್ತದೆಂದು. ಮಗು ಪ್ರತಿ ಸಲವೂ ಹಳಿಯ ಕಡೆ ನೋಡುತ್ತದೆ. ಕೆಲವು ಸಲದ ನಂತರ ನೋಡುವುದನ್ನು ಬಿಟ್ಟು ಅಳತೊಡಗುತ್ತದೆ. ಆಗ ನಾವು ಅದಕ್ಕೆ ಸಹನೆಯಿಲ್ಲ ಎನ್ನುತ್ತೇವೆ.

ಅಬ್ದುಲ್ಲಾ ಬಿನ್ ಆಮಿರ್(ರ) ತಮ್ಮ ಬಾಲ್ಯದ ಒಂದು ಘಟನೆಯನ್ನು ಹೇಳಿದ್ದಾರೆ. ಅದು ಅಬೂದಾವೂದ್ ಸಂಗ್ರಹದಲ್ಲಿದೆ. ಪ್ರವಾದಿವರ್ಯರು(ಸ) ಅವರ ಮನೆಯಲ್ಲಿದ್ದಾಗ ಅವರ ತಾಯಿ ಮಗುವನ್ನು ಬಾ, ಕೊಡುತ್ತೇನೆ ಎಂದು ಕರೆದರು. ಏನು ಕೊಡಬೇಕೆಂದಿದ್ದೀರಿ ಎಂದು ಪ್ರವಾದಿವರ್ಯರು(ಸ) ಕೇಳಿದರು. ಖರ್ಜೂರ ಎಂದರು ತಾಯಿ. ಏನನ್ನೂ ಕೊಡದಿದ್ದರೆ ಅದು ನಿಮ್ಮ ಹೆಸರಿನಲ್ಲಿ ಒಂದು ಸುಳ್ಳಾಗಿ ಬರೆಯಲ್ಪಡುತ್ತಿತ್ತು ಎಂದು ಅವರು ಎಚ್ಚರಿಸಿದರು. ಒಂದು ಖರ್ಜೂರದ ಮಾತಿದು. ಮಗುವಿಗೆ ಕೊಟ್ಟ ಮಾತನ್ನು ನಾವು ಮಾತೆಂದೇ ಲೆಕ್ಕಿಸುವುದಿಲ್ಲ, ಬರೆಯುವವರು ಲೆಕ್ಕಿಸುತ್ತಾರೆ.

ಇದು ಬರಿಯ ಪರಲೋಕದ ಲೆಕ್ಕವೂ ಅಲ್ಲ. ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಮಿಠಾಯಿಯನ್ನು ಮಗುವಿನ ಮುಂದಿಟ್ಟು, 'ನಾನು ಬರುವ ತನಕ ತಿನ್ನದಿದ್ದರೆ ಇನ್ನೊಂದು ಕೊಡುತ್ತೇನೆ' ಎಂದು ಹೇಳಿ ಹೋಗುವ ಪರೀಕ್ಷೆಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ಆರಂಭಿಸಿದ್ದು ಅನೇಕರಿಗೆ ಗೊತ್ತು. ಕಾದ ಮಕ್ಕಳು ಮುಂದೆ ಜೀವನದಲ್ಲಿ ಗೆದ್ದರು ಎಂಬ ಕಥೆಯನ್ನು ನಮ್ಮ ಭಾಷಣಕಾರರೂ ಹೇಳುತ್ತಾರೆ. ಅವರು ಹೇಳದೆ ಬಿಡುವ ಇನ್ನೊಂದು ಪ್ರಯೋಗವಿದೆ. ರಾಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರರಿಂದ ಐದು ವರ್ಷದ 28 ಮಕ್ಕಳಿದ್ದರು. ಮಿಠಾಯಿಗೆ ಮೊದಲು ಎಲ್ಲರಿಗೂ ಒಳ್ಳೆಯ ಬಣ್ಣದ ಸಾಮಾನು, ಒಳ್ಳೆಯ ಚಿತ್ರದ ಚೀಟಿ ತಂದುಕೊಡುವ ಭರವಸೆ ಕೊಡಲಾಯಿತು. ಅರ್ಧ ಮಕ್ಕಳಿಗೆ ತಂದುಕೊಟ್ಟರು. ಉಳಿದವರ ಬಳಿಗೆ ಬರಿಗೈಯಲ್ಲಿ ಬಂದು 'ಇಲ್ಲವಂತೆ' ಎಂದರು. ಆಮೇಲೆ ಮಿಠಾಯಿ ಇಟ್ಟರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡ ಮಕ್ಕಳು ಸುಮಾರು 3 ನಿಮಿಷ ಕಾದರು. ಚಿಕ್ಕ ಪ್ರಯೋಗವೇ ಸರಿ. ಆದರೆ ಬಾಯಿಮಾತಿಗೆ ಬೆಲೆಯಿಲ್ಲದ ಮನೆಯಲ್ಲಿ ಕಾಯದಿರುವುದೇ ಜಾಣತನವೆಂದು ಮಗು ಲೆಕ್ಕ ಹಾಕುತ್ತದೆ, ಅದನ್ನು ನಾವು ಅಶಿಸ್ತು ಎನ್ನುತ್ತೇವೆ.

ಹಾಲು ಬಿಡಿಸುವ ಸಂದರ್ಭವನ್ನೂ ಇಲ್ಲಿ ನೆನೆಯಬೇಕು. ಮಗುವಿನ ಬದುಕಿನ ಮೊದಲ ದೊಡ್ಡ ಸಬ್ರ್ ಅದು. ಎದೆಗೆ ಬೇವು ಅರೆದು ಹಚ್ಚಿ ಒಂದೇ ದಿನದಲ್ಲಿ ಕೆಲಸ ಮುಗಿಸುವ ರೂಢಿ ಇನ್ನೂ ಇದೆ. ಪೂರ್ಣ ಎರಡು ವರ್ಷದ ಅವಧಿಯನ್ನು ಹೇಳಿದ ಕುರ್‌ಆನ್ (ಅಲ್‌ಬಕರ 233), ಅದಕ್ಕೂ ಮೊದಲು ಬಿಡಿಸುವುದಾದರೆ ತಂದೆತಾಯಿ ಪರಸ್ಪರ ಒಪ್ಪಿ, ಸಮಾಲೋಚಿಸಿ ಮಾಡಬೇಕೆನ್ನುತ್ತದೆ. ಒಂದು ಮಗುವಿನ ಹಾಲಿಗಾಗಿ ಸಮಾಲೋಚನೆ! ನಮ್ಮಲ್ಲಿ ಎಷ್ಟು ಮಂದಿ ತಂದೆಯರು ಆ ಸಮಾಲೋಚನೆಯಲ್ಲಿ ಕೂತಿದ್ದೇವೆ?

ಮೊಬೈಲ್ ವಿಷಯದಲ್ಲಿ ನಮ್ಮ ಬಳಿ ಬರುವ ವಾದವೊಂದು ಜಾಣತನದ್ದು. ಮುಅವ್ವಿಝರ ಮಗಳು ರುಬಯ್ಯಿಅ್(ರ) ವರದಿ ಮಾಡಿದ ಹದೀಸ್ ಬುಖಾರಿಯಲ್ಲಿದೆ: ಆಶೂರಾ ದಿನ ಅವರು ಮಕ್ಕಳಿಂದಲೂ ಉಪವಾಸ ಮಾಡಿಸುತ್ತಿದ್ದರು, ಉಣ್ಣೆಯ ಆಟಿಕೆ ಮಾಡಿ ಕೊಡುತ್ತಿದ್ದರು, ಮಕ್ಕಳು ಊಟಕ್ಕೆ ಅತ್ತಾಗ ಇಫ್ತಾರ್ ತನಕ ಆ ಆಟಿಕೆಯಿಂದ ರಮಿಸುತ್ತಿದ್ದರು. 'ನೋಡಿ, ಅವರದು ಉಣ್ಣೆ, ನಮ್ಮದು ಮೊಬೈಲ್. ಎರಡೂ ಮನಸ್ಸು ತಿರುಗಿಸುವುದೇ ಅಲ್ಲವೇ?' ಎನ್ನುತ್ತಾರೆ. ಅಲ್ಲ. ಉಣ್ಣೆಯ ಆಟಿಕೆಯನ್ನು ಮನೆಯವರೇ ಕೂತು ಮಾಡಿದರು. ಮಗು ಅತ್ತಾಗ ಅವರೇ ಎದ್ದು ಕೊಟ್ಟರು. ಆಟಿಕೆ ತಾನಾಗಿ ಕುಣಿಯದು, ಮಗುವೇ ಆಡಿಸಬೇಕು. ಮುಖ್ಯವಾಗಿ, ಆಟಿಕೆಯ ಆಚೆ ಇಫ್ತಾರ್ ಇತ್ತು. ತಾನು ಕಾಯುತ್ತಿದ್ದೇನೆ ಎಂಬುದು ಮಗುವಿಗೆ ಮರೆಯುತ್ತಿರಲಿಲ್ಲ. ಮೊಬೈಲ್ ಹಿಡಿದ ಮಗು ಏನನ್ನೂ ಕಾಯುವುದಿಲ್ಲ. ತುತ್ತು ಬಾಯಿಗೆ ಹೋದದ್ದೂ ಅದಕ್ಕೆ ತಿಳಿಯುವುದಿಲ್ಲ. ಒಂದು ಚಿತ್ರ ಬೇಸರವಾದರೆ ಬೆರಳು ಸರಿಸಿದರಾಯಿತು, ಇನ್ನೊಂದು ಬರುತ್ತದೆ. ಕಾಯುವುದನ್ನೇ ಅಳಿಸಿಹಾಕುವ ಯಂತ್ರವನ್ನು ಕೊಟ್ಟು ಕಾಯುವುದನ್ನು ಕಲಿಸಿದೆವು ಎನ್ನುವುದು ಯಾವ ನ್ಯಾಯ? ಭಾರತೀಯ ಮಕ್ಕಳ ವೈದ್ಯರ ಸಂಘ 2021ರ ಮಾರ್ಗಸೂಚಿಯಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡವೆಂದಿದೆ. ಎರಡರಿಂದ ಐದು ವರ್ಷದವರಿಗೆ ಹಿರಿಯರ ಕಣ್ಣಳತೆಯಲ್ಲಿ ದಿನಕ್ಕೆ ಒಂದು ಗಂಟೆ ಮೀರಬಾರದೆಂದಿದೆ. ಹೊಟ್ಟೆಪಾಡಿಗೆ ಹೈದರಾಬಾದ್, ಮುಂಬೈ, ಪುಣೆಗೆ ಹೋದ ಚಿಂಚೋಳಿಯ ತಂದೆ ರಾತ್ರಿ ವಿಡಿಯೋ ಕರೆಯಲ್ಲಿ ಮಗುವಿನ ಮುಖ ನೋಡುವುದನ್ನು ನಾವು ಇದಕ್ಕೆ ಸೇರಿಸುತ್ತಿಲ್ಲ. ಅದು ಬೇರೆ, ಅಲ್ಲಿ ಪರದೆಯ ಆಚೆ ಒಬ್ಬ ಮನುಷ್ಯನಿದ್ದಾನೆ.

ಇನ್ನು ಹೊಡೆತ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆಯನ್ನು ಒಂದು ಕೈಯಲ್ಲೂ, ಏಳು ಮತ್ತು ಹತ್ತು ವರ್ಷದ ಹದೀಸನ್ನು ಇನ್ನೊಂದು ಕೈಯಲ್ಲೂ ಹಿಡಿದು ಎರಡು ವರ್ಷದ ಮಗುವಿನ ಕೆನ್ನೆಗೆ ಬಾರಿಸುವವರಿದ್ದಾರೆ. ಆ ಹದೀಸ್ ಇರುವುದು ನಮಾಝಿನ ಬಗ್ಗೆ. ಏಳನೆಯ ವಯಸ್ಸಿಗೆ ಮೊದಲು ಆದೇಶವೂ ಇಲ್ಲ. ಏಳರಿಂದ ಹತ್ತರ ತನಕ ಬರಿಯ ಹೇಳುವುದು: ದಿನಕ್ಕೆ ಐದರಂತೆ ಮೂರು ವರ್ಷ, ಅಂದರೆ ಐದು ಸಾವಿರಕ್ಕೂ ಹೆಚ್ಚು ಸಲ ಬಾಯಿಂದ ಕರೆಯುವುದು. ಇದನ್ನು ಹೊಡೆಯುವ ಪರವಾನಗಿಯೆಂದು ಓದುವವನು ಆ ಐದು ಸಾವಿರವನ್ನು ಹಾರಿಸಿ ಓದಿದ್ದಾನೆ. ಚೆಲ್ಲಿದ ನೀರಿಗೆ, ಒಡೆದ ಬಟ್ಟಲಿಗೆ, ಒದ್ದೆಯಾದ ಹಾಸಿಗೆಗೆ ಎರಡು ವರ್ಷದ ಮಗುವನ್ನು ಹೊಡೆಯಲು ಈ ಹದೀಸಿನಲ್ಲಿ ಯಾವ ಆಧಾರವೂ ಇಲ್ಲ. ಮಿಹ್ಸನರ ಮಗಳು ಉಮ್ಮು ಕೈಸ್(ರ) ತಮ್ಮ ಹಸುಗೂಸನ್ನು ತಂದಾಗ ಅದು ಪ್ರವಾದಿವರ್ಯರ(ಸ) ಮಡಿಲಲ್ಲೇ ಮೂತ್ರ ಮಾಡಿತು. ಅವರು ನೀರು ತರಿಸಿ ಬಟ್ಟೆಯ ಮೇಲೆ ಚಿಮುಕಿಸಿಕೊಂಡರು. ಘಟನೆ ಅಷ್ಟಕ್ಕೇ ಮುಗಿಯಿತು. ಹತ್ತು ವರ್ಷ ಅವರ ಮನೆಯಲ್ಲಿ ಸೇವೆ ಮಾಡಿದ ಅನಸ್(ರ), ತಮಗೆ ಅವರು ಒಮ್ಮೆಯೂ 'ಉಫ್' ಎಂದಿರಲಿಲ್ಲ ಎಂದು ಸಾಕ್ಷಿ ಹೇಳಿದ್ದಾರೆ. ಊಟದ ತಟ್ಟೆಯಲ್ಲಿ ಕೈ ಅಲೆದಾಡಿಸುತ್ತಿದ್ದ ಹುಡುಗ ಉಮರ್ ಬಿನ್ ಅಬೀ ಸಲಮ(ರ)ರಿಗೆ ಸಿಕ್ಕಿದ್ದು ಮೂರೇ ಮಾತು: ಅಲ್ಲಾಹನ ಹೆಸರು ಹೇಳು, ಬಲಗೈಯಿಂದ ತಿನ್ನು, ನಿನ್ನ ಹತ್ತಿರದಿಂದ ತಿನ್ನು. ಜೀವನಪೂರ್ತಿ ಹಾಗೆಯೇ ಉಂಡೆ ಎಂದು ಅವರೇ ಹೇಳಿದ್ದಾರೆ.

ಇಷ್ಟೆಲ್ಲ ಓದುವಾಗ ನಮ್ಮ ಸಹೋದರಿಯರು ನಿಟ್ಟುಸಿರು ಬಿಟ್ಟಿರಬಹುದು. ಅವರ ಪ್ರಶ್ನೆ ನಮಗೆ ಗೊತ್ತು: ಈ ಸಹನೆಯ ಪಟ್ಟಿಯೂ ನಮ್ಮ ತಲೆಗೇ ಬಂತೇ? ರೊಟ್ಟಿ ಬಡಿಯುವವಳೂ ಅವಳೇ, ಕೊಡ ತುಂಬಿಸುವವಳೂ ಅವಳೇ, ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ಸೀಮೆಯಲ್ಲಿ ಒಲೆಯ ಮುಂದೆ ಕೂರುವವಳೂ ಅವಳೇ. ಅವಳ ಸೊಂಟದ ಮೇಲೆ ಒಂದು ಮಗು, ಸೆರಗು ಹಿಡಿದು ಇನ್ನೊಂದು. ಅವಳು ಒಮ್ಮೆ ಮಗುವಿನ ಮೇಲೆ ರೇಗಿದರೆ ಅದನ್ನು ಎತ್ತಿ ತೋರಿಸುವ ನಾವು ಆ ಹೊತ್ತಿನಲ್ಲಿ ಎಲ್ಲಿರುತ್ತೇವೆ? ಚಹಾದಂಗಡಿಯಲ್ಲಿ ಗಂಟೆಗಟ್ಟಲೆ ಕೂರುವ ಸಹನೆ ನಮಗಿದೆ. ಸಿಮೆಂಟ್ ಕಾರ್ಖಾನೆಯ ಪಾಳಿಯಿಂದಲೋ ಕಲ್ಲುಗಣಿಯಿಂದಲೋ ಬಳಲಿ ಬರುವವರ ದಣಿವು ಸುಳ್ಳಲ್ಲ. ಒಂದೇ ಕೋಣೆಯ ಮನೆಯಲ್ಲಿ ಮಗುವಿನ ಅಳು ಎಷ್ಟು ದೊಡ್ಡದಾಗಿ ಕೇಳುತ್ತದೆ ಎಂಬುದೂ ನಮಗೆ ಗೊತ್ತು. ಆದರೆ ಸಹನೆಯನ್ನು ಹೆಂಗಸರಿಗೂ ಮಕ್ಕಳಿಗೂ ಹಂಚಿ, ಸಿಟ್ಟನ್ನು ಮಾತ್ರ ತನ್ನ ಪಾಲಿಗೆ ಇಟ್ಟುಕೊಳ್ಳುವ ಹಕ್ಕನ್ನು ಗಂಡಸಿಗೆ ಯಾವ ಸೂಕ್ತ ಕೊಟ್ಟಿದೆ? ತನಗೆ ಹತ್ತು ಮಕ್ಕಳಿದ್ದರೂ ಒಬ್ಬರನ್ನೂ ಮುದ್ದಿಸಿಲ್ಲ ಎಂದ ಅಕ್ರಅ್ ಬಿನ್ ಹಾಬಿಸ್‌ರಿಗೆ ಪ್ರವಾದಿವರ್ಯರು(ಸ) ಕೊಟ್ಟ ಉತ್ತರ ಪ್ರಸಿದ್ಧ: ಕರುಣೆ ತೋರದವನಿಗೆ ಕರುಣೆ ಸಿಗದು. ಅಕ್ರಅ್ ತನ್ನ ಬುಡಕಟ್ಟಿನ ಮುಖಂಡ. ಆ ಉತ್ತರ ಬಂದದ್ದು ಒಬ್ಬ ತಂದೆಗೆ.

ಮಸೀದಿಯ ಮಾತಿಲ್ಲದೆ ಈ ದೂರು ಪೂರ್ಣವಾಗುವುದಿಲ್ಲ. ಅಪರೂಪಕ್ಕೆ ಒಬ್ಬ ತಂದೆ ಮೂರು ವರ್ಷದ ಮಗನ ಕೈಹಿಡಿದು ಬಂದನೆನ್ನಿ. ಮಗು ಸಾಲುಗಳ ನಡುವೆ ಓಡುತ್ತದೆ, ನಗುತ್ತದೆ. ಸಲಾಂ ಹೇಳಿ ನಮಾಝ್ ಮುಗಿಸುವ ಮುನ್ನವೇ ಹುಬ್ಬುಗಳು ಗಂಟಿಕ್ಕಿರುತ್ತವೆ. ಮುಗಿದೊಡನೆ ಎರಡು ಮೂರು ಹಿರಿಯ ದನಿಗಳು ಒಟ್ಟಿಗೇ ತಂದೆಯ ಮೇಲೆ ಬೀಳುತ್ತವೆ. ಮುಂದಿನ ವಾರ ಆ ತಂದೆ ಒಬ್ಬನೇ ಬರುತ್ತಾನೆ. ಹದಿನೈದು ವರ್ಷದ ನಂತರ ಅದೇ ಹುಡುಗ ಮಸೀದಿಗೆ ಬರುವುದಿಲ್ಲವೆಂದು ಅದೇ ಹಿರಿಯರು ಕೊರಗುತ್ತಾರೆ.

ಮಗುವಿನ ಅಳು ಕೇಳಿ, ಅದರ ತಾಯಿಗೆ ಕಷ್ಟವಾದೀತೆಂದು ನಮಾಝನ್ನೇ ಸಂಕ್ಷೇಪಿಸಿದ ಪ್ರವಾದಿಯ(ಸ) ಅನುಯಾಯಿಗಳು ನಾವು. ಅಂದರೆ ತಾಯಿಯೂ ಮಗುವೂ ಆ ಮಸೀದಿಯೊಳಗೇ ಇದ್ದರು. ಮೊಮ್ಮಗಳು ಉಮಾಮಳನ್ನು ಎತ್ತಿಕೊಂಡೇ ಅವರು ನಮಾಝ್ ನಿರ್ವಹಿಸಿದರು. ಸುಜೂದ್‌ಗೆ ಹೋಗುವಾಗ ಕೆಳಗಿಳಿಸಿ, ಏಳುವಾಗ ಮತ್ತೆ ಎತ್ತಿಕೊಂಡರು. ಇನ್ನೊಂದು ದಿನದ ಘಟನೆಯನ್ನು ಶದ್ದಾದ್(ರ) ವರದಿ ಮಾಡಿದ್ದು ನಸಾಈ ಸಂಗ್ರಹದಲ್ಲಿದೆ. ಹಸನ್ ಅಥವಾ ಹುಸೈನರನ್ನು ಎತ್ತಿಕೊಂಡು ಬಂದ ಪ್ರವಾದಿವರ್ಯರು(ಸ) ಮಗುವನ್ನು ಕೆಳಗಿಳಿಸಿ ನಮಾಝಿಗೆ ನಿಂತರು. ಸುಜೂದ್ ಎಷ್ಟು ದೀರ್ಘವಾಯಿತೆಂದರೆ ಶದ್ದಾದ್ ತಲೆಯೆತ್ತಿ ನೋಡಿದರು. ಮಗು ಅವರ ಬೆನ್ನೇರಿ ಕೂತಿತ್ತು. ನಮಾಝ್ ಮುಗಿದ ಮೇಲೆ ಜನ, ಏನೋ ಸಂಭವಿಸಿತೆಂದು ಭಾವಿಸಿದೆವು, ಅಥವಾ ದಿವ್ಯವಾಣಿ ಇಳಿಯುತ್ತಿದೆಯೋ ಎಂದುಕೊಂಡೆವು ಎಂದರು. ಅದೇನೂ ಆಗಿರಲಿಲ್ಲ ಎಂದು ಪ್ರವಾದಿವರ್ಯರು(ಸ) ಹೇಳಿದರು. ಮಗ ಬೆನ್ನೇರಿದ್ದ, ಅವನಿಗೆ ಸಾಕೆನಿಸುವವರೆಗೆ ಅವನನ್ನು ಅವಸರಪಡಿಸಲು ಅವರಿಗೆ ಇಷ್ಟವಾಗಲಿಲ್ಲ.